ಸೂಗಮ್ಮನ ಸಹಿ

ಮೂವತ್ತೊಂದು ವರ್ಷ ನಾನು ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು. ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆ, ಅದರಲ್ಲಿ ಇನ್‌ಸ್ಪೆಕ್ಷನ್ ಖಾತೆ. ಲೇಥಿನಿಂದ ಬಂದ ಬಿಡಿಭಾಗವನ್ನು ಗೇಜಿಗೆ ಹಿಡಿದು ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಈ ಅಮರೇಶಪ್ಪನ ಕೈಗೆ ಸಿಕ್ಕರೆ ಮುಗೀತು ಎಂದು ಲೇಥಿನ ಹುಡುಗರು ಬೈದುಕೊಳ್ಳುತ್ತಿದ್ದರು. ನನಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಮುಂದೆ ಹೇಳಬೇಕಾಗಿರುವ ತಪ್ಪು ನನ್ನದೇ, ಮತ್ತು ಅದಕ್ಕೆ ಕೆಂಪು ಬಣ್ಣ ಬಳಿಯಲು ನನಗೆ ಕೈ ಬರಲಿಲ್ಲ.

ಎರಡು ಸಾವಿರದ ಇಸವಿಯ ಫೆಬ್ರವರಿ. ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ. ಅಮೀರಪೇಟೆಯಲ್ಲಿ ಕೋರ್ಸುಗಳ ಬೋರ್ಡು ಹಚ್ಚಿ ಹಚ್ಚಿ ಕಟ್ಟಡಗಳಿಗೆ ಕಿಟಕಿಯೇ ಉಳಿದಿರಲಿಲ್ಲ. ಗಚ್ಚಿಬೌಲಿ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಕಾರ್ಖಾನೆಯ ಟೌನ್‌ಶಿಪ್ಪಿನ ಕಿರಾಣಿ ಅಂಗಡಿಯವನು ತೊಗರಿಬೇಳೆ ತೂಗುತ್ತ ಷೇರಿನ ರೇಟು ಕೇಳುತ್ತಿದ್ದ. ಎದುರಿನ ಕ್ವಾರ್ಟರ್ಸಿಗೆ ಒಂದೇ ತಿಂಗಳಲ್ಲಿ ವಾಷಿಂಗ್ ಮಷಿನ್ ಬಂತು, ದೊಡ್ಡ ಟಿವಿ ಬಂತು, ಕೊನೆಗೆ ಕಾರೂ ಬಂತು. ಓಡಿಸಲು ಯಾರಿಗೂ ಬಾರದು. ಬೆಳಿಗ್ಗೆ ಒರೆಸುತ್ತಿದ್ದರು, ಸಂಜೆ ಅದಕ್ಕೆ ಹೊದಿಕೆ ಹೊದಿಸುತ್ತಿದ್ದರು. ನೋಡಿ ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆಗಸ್ಟ್ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಕ್ವಾರ್ಟರ್ಸ್ ಬಿಡಬೇಕು. ಲಿಂಗಸೂಗೂರಿನ ಕಡೆ ಇದ್ದ ಹೊಲಮನೆಯ ನನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಯಾವುದೋ ಕಾಲವಾಗಿತ್ತು. ತಡವಾಗಿ ಹುಟ್ಟಿದ ಮಗಳು ಪಿಂಕಿ ಇನ್ನೂ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಳು. ಇಷ್ಟು ವರ್ಷ ಬದುಕಿದ ಊರಿನಲ್ಲಿ ನಮ್ಮದು ಎನ್ನುವ ಒಂದು ಬಾಗಿಲು ಇರಲಿಲ್ಲ. ಇದ್ದದ್ದು ಬೀರುವಿನೊಳಗಿನ ಒಂದು ರಟ್ಟಿನ ಫೈಲು. ಅದರಲ್ಲಿ ಸಿರಿಧಾರಾ ಎಂಬ ಸಾಫ್ಟ್‌ವೇರ್ ಕಂಪನಿಯ ಇನ್ನೂರು ಷೇರು, ನನ್ನ ಹೆಂಡತಿ ಸೂಗಮ್ಮನ ಹೆಸರಿನಲ್ಲಿ. ಏಳು ವರ್ಷದ ಹಿಂದೆ ಹತ್ತು ರೂಪಾಯಿಗೊಂದರಂತೆ ನೂರು ಕೊಂಡಿದ್ದೆ. ಆಮೇಲೆ ಬೋನಸ್ಸೆಂದು ಇನ್ನೊಂದು ನೂರು ಬಂದಿತ್ತು. ಅಲ್ಲಿಯವರೆಗೆ ಅವನ್ನು ಯಾರೂ ಮೂಸಿ ನೋಡಿರಲಿಲ್ಲ. ಆ ಫೆಬ್ರವರಿಯಲ್ಲಿ ಒಂದೊಂದರ ಬೆಲೆ ಎರಡು ಸಾವಿರದ ಒಂಬೈನೂರು ಮುಟ್ಟಿತು.

ಆ ಭಾನುವಾರವೇ ಮೂವರೂ ಮಿಯಾಪುರಕ್ಕೆ ಹೋದೆವು. ಹೊಸ ಅಪಾರ್ಟ್‌ಮೆಂಟು, ಇನ್ನೂ ಬರೀ ಕಂಬ ಮತ್ತು ಸ್ಲ್ಯಾಬು. ಎರಡನೇ ಮಹಡಿಯಲ್ಲಿ ಗೋಡೆ ಬರಬೇಕಾದ ಕಡೆ ಸುಣ್ಣದ ಗೆರೆ ಎಳೆದಿದ್ದರು. ಸೂಗಮ್ಮ ಚಪ್ಪಲಿ ಬಿಟ್ಟು ಆ ಗೆರೆ ದಾಟಿ ಒಳಗೆ ಹೋದಳು. ಅಡುಗೆಮನೆಯ ಗೆರೆಯೊಳಗೆ ಕೂತು ನೋಡಿದಳು.

"ರೊಟ್ಟಿ ಬಡಿಯಾಕ ಜಾಗ ಐತ್ರಿ," ಅಂದಳು. "ಈ ಕ್ವಾರ್ಟರ್ಸ್‌ನ್ಯಾಗ ಮೊಣಕೈ ಗ್ವಾಡಿಗೆ ಬಡೀತಿತ್ತು."

ಬಿಲ್ಡರನಿಗೆ ಐವತ್ತು ಸಾವಿರ ಮುಂಗಡ ಕೊಟ್ಟೆ, ಪಿಎಫ್‌ನಿಂದ ತೆಗೆದದ್ದು. ಉಳಿದದ್ದನ್ನು ಮೇ ಕೊನೆಗೆ ಕೊಡುವುದು ಅಂತ ಮಾತಾಯಿತು. ಷೇರು ಮಾರಿದರೆ ಮನೆ. ಲೆಕ್ಕ ಅಷ್ಟು ನೇರವಾಗಿತ್ತು.

ಆದರೆ ಕಾಗದದ ಷೇರನ್ನು ಹಾಗೆಯೇ ಮಾರಲು ಆಗ ಬರುತ್ತಿರಲಿಲ್ಲ. ಮೊದಲು ಅದನ್ನು ಕಂಪ್ಯೂಟರಿಗೆ ಏರಿಸಬೇಕು, ಅದಕ್ಕೊಂದು ಡಿಮ್ಯಾಟ್ ಖಾತೆ ತೆರೆಯಬೇಕು. ಇದನ್ನೆಲ್ಲ ತಿಳಿಸಿದವನು ನಮ್ಮ ಕಾರ್ಖಾನೆಯ ಸ್ಟೋರ್ಸಿನ ಸೂರ್ಯನಾರಾಯಣ. ಹಿಂದೆ ನನಗೆ ಈ ಷೇರಿನ ಅರ್ಜಿ ಮಾರಿದವನೂ ಅವನೇ. ಫಾರಂ ತಂದುಕೊಟ್ಟು, ಮನೆಯಾಕೆಯ ಸಹಿ ಹಾಕಿಸಿ, ಸಾಕು, ಮೂರು ವಾರದ ಕೆಲಸ ಎಂದು ತೆಲುಗಿನಲ್ಲಿ ಹೇಳಿ ಹೋದ.

ಸೂಗಮ್ಮನ ಸಹಿ ಎಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ಅವಳು ದೇವಸೂಗೂರಿನವಳು, ಶಾಲೆಯ ಮುಖ ಕಂಡವಳಲ್ಲ. ಮದುವೆಯಾಗಿ ಬಂದ ಮೇಲೂ ಎಲ್ಲದಕ್ಕೂ ಹೆಬ್ಬೆಟ್ಟು. ಒತ್ತಿದ ಮೇಲೆ ಆ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ನೆಲ ನೋಡುತ್ತ ನಿಲ್ಲುತ್ತಿದ್ದಳು. ಪಿಂಕಿಗೆ ಹತ್ತು ವರ್ಷವಾದಾಗ, ಮಗಳಿಗೆ ಕನ್ನಡ ಓದಲು ಬರೆಯಲು ಬರಲಿ ಎಂದು ಟೌನ್‌ಶಿಪ್ಪಿನ ಕನ್ನಡ ಸಂಘದ ಭಾನುವಾರದ ತರಗತಿಗೆ ಹಾಕಿದೆವು. ಕರೆದುಕೊಂಡು ಹೋಗುತ್ತಿದ್ದವಳು ಸೂಗಮ್ಮ. ಹೊರಗೆ ಬಿಸಿಲು ಎಂದು ಹಿಂದಿನ ಸಾಲಿನಲ್ಲಿ ಕೂತಳು. ಕಲಿಸುತ್ತಿದ್ದ ಗದಿಗೆಮ್ಮ ಟೀಚರು ಅವಳ ಕೈಗೂ ಒಂದು ಪೆನ್ಸಿಲು ಕೊಟ್ಟರು. ಪಿಂಕಿ ನಾಲ್ಕು ತಿಂಗಳಿಗೆ ತರಗತಿ ಬಿಟ್ಟಳು. ಸೂಗಮ್ಮ ಎರಡು ವರ್ಷ ಹೋದಳು.

ಅಂದಿನಿಂದ ಅವಳು ಅಂಚೆಯವನ ಹತ್ತಿರ, ಗ್ಯಾಸಿನವನ ಹತ್ತಿರ, ಬ್ಯಾಂಕಿನಲ್ಲಿ ತಾನೇ ಸಹಿ ಮಾಡುತ್ತಿದ್ದಳು. ಸೂಗಮ್ಮ ಎಂದು ದುಂಡಗೆ, ಒಂದಕ್ಷರ ಮುಗಿಸಿ ಉಸಿರು ಬಿಟ್ಟು ಇನ್ನೊಂದಕ್ಷರ. ಕ್ಯೂ ಎಷ್ಟೇ ಉದ್ದವಿದ್ದರೂ ಅವಸರ ಮಾಡುತ್ತಿರಲಿಲ್ಲ. ಡಿಮ್ಯಾಟ್ ಫಾರಮ್ಮಿನಲ್ಲಿ ಎರಡು ಚೌಕ. ಒಂದು ಈಗಿನ ಖಾತೆಗೆ, ಇನ್ನೊಂದು ಕಂಪನಿಯವರ ಹತ್ತಿರ ಇರುವ ಹಳೆಯ ಸಹಿಯ ಜೊತೆ ಹೋಲಿಸಿ ನೋಡುವುದಕ್ಕೆ. ಅವಳು ಕೈ ತೊಳೆದುಕೊಂಡು ಬಂದು ಎರಡೂ ಕಡೆ ಬರೆದಳು.

ಮಾರ್ಚ್ ಕೊನೆಗೆ ಲಕೋಟೆ ಬಂತು. ಇಂಗ್ಲಿಷಿನ ಕಾಗದ, ಪಿಂಕಿ ಓದಿದಳು. ಜೊತೆಗೆ ಷೇರುಗಳೂ ವಾಪಸ್ ಬಂದಿದ್ದವು.

"ಸಹಿ ಹೊಂದವಲ್ದಂತ, ಅಪ್ಪಾ. ಅವರ ಹತ್ರ ಇರೂ ಸಹಿ ಬ್ಯಾರೆ ಐತಂತ. ಅವ್ವಾ, ನೀ ಯಾವಾಗ ಮಾಡಿದ್ದಿ?"

ಏಳು ವರ್ಷ ನೆನಪಿಗೇ ಬಾರದ್ದು ಒಮ್ಮೆಗೇ ಕಣ್ಣ ಮುಂದೆ ಬಂತು. ತೊಂಬತ್ತಮೂರರಲ್ಲಿ ಕಂಪನಿಗಳು ಷೇರು ಕೊಡುವಾಗ ಲಾಟರಿ ಎತ್ತುತ್ತಿದ್ದವು, ಒಬ್ಬರಿಗೆ ಒಂದೇ ಅರ್ಜಿ. ಹಾಗಾಗಿ ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ತಮ್ಮ ಹೆಸರಿನದೊಂದು, ಹೆಂಡತಿ ಹೆಸರಿನದೊಂದು, ಅತ್ತೆ ಹೆಸರಿನದೊಂದು ಅರ್ಜಿ ತುಂಬುತ್ತಿದ್ದರು. ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವಷ್ಟು ಪುರುಸೊತ್ತು ಯಾರಿಗಿತ್ತು? ಅವರವರ ಹೆಂಡಿರ ಸಹಿಯನ್ನು ಅವರವರೇ ಮಾಡುತ್ತಿದ್ದರು. ಸೂಗಮ್ಮನದು ಆಗ ಹೆಬ್ಬೆಟ್ಟು. ಅರ್ಜಿಯ ಮೇಲೆ ಹೆಬ್ಬೆಟ್ಟಿಗೆ ನೋಟರಿಯ ಮುದ್ರೆ ಬೇಕು. ಯಾರಿಗೆ ಬೇಕು ಆ ತಲೆನೋವು ಎಂದು ಉಪ್ಪಿಟ್ಟಿನ ತಟ್ಟೆ ಸರಿಸಿ ಸೂಗಮ್ಮ ಎಂದು ಗೀಚಿದ್ದೆ. ಲಾಟರಿಯಲ್ಲಿ ನನ್ನ ಅರ್ಜಿ ಬಿದ್ದುಹೋಯಿತು. ಅವಳದು ಎದ್ದಿತು.

ಅಂದೇ ಹೇಳಿಬಿಡಬಹುದಿತ್ತು. ಅವಳು ಒಂದು ಮಾತು ಅಂದು ಸುಮ್ಮನಾಗುತ್ತಿದ್ದಳು. ಆದರೆ ಮಗಳು ಎದುರಿಗೆ ನಿಂತಿದ್ದಳು, ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡವರ ಬಗ್ಗೆ ಹಿಂದಿನ ವಾರವಷ್ಟೇ ಅವಳಿಗೆ ದೊಡ್ಡ ಭಾಷಣ ಬಿಗಿದಿದ್ದೆ. ಇನ್‌ಸ್ಪೆಕ್ಷನ್ ಖಾತೆಯ ಅಮರೇಶಪ್ಪ ಕಳ್ಳ ಸಹಿ ಮಾಡಿದನೆಂದು ಯಾವ ಬಾಯಿಂದ ಹೇಳಲಿ? ನಾಲಿಗೆ ತಾನೇ ದಾರಿ ಹುಡುಕಿಕೊಂಡಿತು.

"ತೊಂಬತ್ತಾರರಾಗ, ಬೋನಸ್ ಬಂದಾಗ," ಅಂದೆ. "ಅವಾಗ ನಿಮ್ಮವ್ವ ಒಂದು ಕಾಗದಕ್ಕ ಸಹಿ ಮಾಡಿದ್ಲು. ಹೊಸದಾಗಿ ಕಲ್ತಿದ್ಲಲ್ಲ, ಕೈ ಬ್ಯಾರೆ ಇತ್ತು."

ಸೂಗಮ್ಮ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷನ್ನು ಬಹಳ ಹೊತ್ತು ನೋಡಿದಳು.

"ಹಂಗಾದ್ರ ತಪ್ಪು ನಂದ," ಅಂದಳು. "ನಾ ಮಾಡಿದ ಸಹಿ ನನಗ ನೆನಪಿಲ್ಲ ನೋಡ್ರಿ."

ಮರುದಿನ ಮಧ್ಯಾಹ್ನದ ಊಟಕ್ಕೆ ಬಂದಾಗ ನೋಡುತ್ತೇನೆ, ಅಟ್ಟದ ಮೇಲಿನ ಟ್ರಂಕು ಕೆಳಗಿಳಿದಿದೆ. ಭಾನುವಾರದ ತರಗತಿಯ ಹಳೆಯ ಪಟ್ಟಿ ಪುಸ್ತಕಗಳನ್ನು ಹರವಿಕೊಂಡು ಕೂತಿದ್ದಾಳೆ. ಗೆರೆಯ ಮೇಲೆ ನಿಲ್ಲದ ಅಕ್ಷರ, ಮಗುಚಿ ಬಿದ್ದ ಕೊಂಬು, ಅಕ್ಷರಕ್ಕೆ ಅಂಟಿಕೊಳ್ಳದ ಒತ್ತು. ಆರು ವರ್ಷದ ಹಿಂದಿನ ಸೂಗಮ್ಮ. ಈಗಿನ ಸೂಗಮ್ಮ ಅದನ್ನು ನೋಡಿ ನೋಡಿ ನಕಲು ಮಾಡುತ್ತಿದ್ದಳು.

"ಅವಾಗ ಹೆಂಗ ಬರೀತಿದ್ದೆನೋ ಹಂಗ ಬರೀಬೇಕಲ್ರಿ," ಅಂದಳು. "ಚಲೋ ಬರದ್ರ ಹೊಂದಂಗಿಲ್ಲ."

ನಾನು ರೊಟ್ಟಿ ತಿಂದು ಕೈ ತೊಳೆದು ಫ್ಯಾಕ್ಟರಿಗೆ ಹೋದೆ. ಎರಡು ವಾರ ಹೀಗೇ ನಡೆಯಿತು. ಊಟದ ಪಾತ್ರೆ ತೊಳೆದಿಟ್ಟು ಕೂತರೆ ಸಂಜೆಯ ಹಾಲು ಬರುವ ತನಕ ಬರೆಯುತ್ತಿದ್ದಳು. ಕಷ್ಟಪಟ್ಟು ಕಲಿತದ್ದನ್ನು ಅಷ್ಟೇ ಕಷ್ಟಪಟ್ಟು ಮರೆಯುತ್ತಿದ್ದಳು. ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ ಸಿರಿಧಾರಾದ ಅಂಕಿ ದಿನಾ ಇಳಿಯುತ್ತಿತ್ತು. ಅವಳಿಗೆ ಅಂಕಿ ಓದಲು ಚೆನ್ನಾಗಿ ಬರುತ್ತಿತ್ತು. ಸಾವಿರದ ಒಂಬೈನೂರು ಅನ್ನುವಳು, ಮತ್ತೆ ಪುಸ್ತಕಕ್ಕೆ ಬಗ್ಗುವಳು. ಮಾರ್ಕೆಟ್ಟು ಯಾಕೆ ಬೀಳುತ್ತಿದೆ ಎಂದು ಸೂರ್ಯನಾರಾಯಣ ಅಮೆರಿಕದ ಕತೆ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಅದು ತನ್ನ ಕೈಯಿಂದಲೇ ಬೀಳುತ್ತಿದೆ ಎಂದು ಒಬ್ಬಳು ನಂಬಿ ಕೂತಿದ್ದಳು.

ಏಪ್ರಿಲ್ ಮಧ್ಯದಲ್ಲಿ ಹೊಸ ಫಾರಂ ತಂದೆ. ಅಷ್ಟರಲ್ಲಿ ನಾನೊಂದು ಉಪಾಯ ಹೂಡಿದ್ದೆ. ಮೊದಲನೆಯ ಚೌಕ ತೋರಿಸಿ, "ಈ ಸಲ ಒಂದ ಕಡೆ ಸಾಕಂತ," ಅಂದೆ. ಅವಳು ಅಲ್ಲಿ ಬರೆದಳು, ಹಳೆಯದೂ ಅಲ್ಲದ ಹೊಸದೂ ಅಲ್ಲದ ಒಂದು ಸಹಿ. ಅದು ಖಾತೆಯ ಸಹಿಗೆ ಹೇಗೋ ಹೋಲುತ್ತಿತ್ತು. ಎರಡನೆಯ ಚೌಕವನ್ನು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅದೇ ಮೂಲೆಯ ಟೇಬಲ್ಲಿಗೆ ಕೂತು ನಾನು ತುಂಬಿದೆ. ಜಾಗ ಅದೇ ಆದರೆ ಕೈಗೂ ಅದೇ ನೆನಪಾಗಬಹುದೆಂಬ ಆಸೆ. ಸೂಗಮ್ಮ ಎಂದು ನಿಧಾನವಾಗಿ, ಎಚ್ಚರದಿಂದ ಬರೆದೆ. ಹಿಂದೆ ಅವಸರದಲ್ಲಿ ಗೀಚಿದ್ದನ್ನು ಈಗ ಎಚ್ಚರದಿಂದ ಬರೆದರೆ ಅದು ಹೊಂದುವುದಾದರೂ ಹೇಗೆ?

ಮೇ ಇಪ್ಪತ್ತಕ್ಕೆ ಅದೂ ವಾಪಸ್ ಬಂತು. ಅದೇ ಕಾರಣ. ಷೇರು ಆಗ ಒಂಬೈನೂರಕ್ಕೆ ಇಳಿದಿತ್ತು. ತಿರಸ್ಕಾರವಾದದ್ದು ನನ್ನ ಸಹಿ, ಪೆಟ್ಟು ಬಿದ್ದದ್ದು ಅವಳಿಗೆ.

"ನನ್ನ ಕೈಗೆ ಏನೋ ಆಗೇತ್ರಿ," ಅಂದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಮನಿ ಹೋತು ನನ್ನಿಂದ."

"ಹಂಗೇನಿಲ್ಲ ಬಿಡು," ಅಂದೆ. ಅಷ್ಟು ಹೇಳಿ ಎದ್ದು ಹೊರಗೆ ಹೋದೆ, ಹೇಡಿ ನಾನು. ಆ ವಾರ ಗ್ಯಾಸಿನವನು ಬಂದಾಗ ಅವಳು ಪುಸ್ತಕ ಹಿಡಿದು ನಿಂತಳು, ಪೆನ್ನು ಕಾಗದಕ್ಕೆ ಮುಟ್ಟಿಸಿದಳು, ಬರೆಯಲಿಲ್ಲ. ಪಿಂಕಿಯನ್ನು ಕರೆದು ಅವಳ ಕೈಯಲ್ಲಿ ಮಾಡಿಸಿದಳು.

ಬಿಲ್ಡರು ಮೇ ಮೂವತ್ತೊಂದರವರೆಗೆ ಕಾದ. ಜೂನ್ ಒಂದಕ್ಕೆ ನಮ್ಮ ಎರಡನೇ ಮಹಡಿಯ ಮನೆಯನ್ನು ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವ ಯಾರೋ ಗಂಡ ಹೆಂಡತಿಗೆ ಮಾರಿದ. ಮುಂಗಡದಲ್ಲಿ ಹತ್ತು ಸಾವಿರ ಹಿಡಿದುಕೊಂಡು ಉಳಿದದ್ದು ಕೊಟ್ಟ. ಷೇರು ಬಿದ್ದರೂ ಮನೆಗಳ ಬೆಲೆ ಬಿದ್ದಿರಲಿಲ್ಲ. ಸೂಗಮ್ಮನಿಗೆ ಸುದ್ದಿ ಹೇಳಿದಾಗ ಜೋಳದ ಹಿಟ್ಟು ನಾದುತ್ತಿದ್ದಳು. ಕೇಳಿ, ಹಿಟ್ಟಿಗೆ ಇನ್ನೊಂದಿಷ್ಟು ನೀರು ಹಾಕಿದಳು.

ಷೇರಿನ ಕಡತ ನೋಡಿಕೊಳ್ಳುವ ಕಚೇರಿ ಹಿಮಾಯತ್‌ನಗರದಲ್ಲಿತ್ತು. ಇನ್ನು ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ರಜೆ ಹಾಕಿ ಹೋದೆ. ಪಕ್ಕದ ಬ್ರೋಕರ್ ಆಫೀಸಿನ ಗಾಜಿನಾಚೆ ಟಿವಿ. ಫೆಬ್ರವರಿಯಲ್ಲಿ ಅದರ ಮುಂದೆ ಫುಟ್‌ಪಾತಿನ ಮೇಲೆ ಜನ ಹಬ್ಬದಂತೆ ಸೇರುತ್ತಿದ್ದರು. ಈಗ ಒಬ್ಬ ಜೋಳದ ತೆನೆ ಸುಡುವವನು ಒಲೆ ಹಚ್ಚಿಕೊಂಡು ಕೂತಿದ್ದ. ಮೇಲಿನ ಕಚೇರಿಯ ಹುಡುಗಿ ಕಾರ್ಡು ತೆಗೆದು ಹಳೆಯ ಸಹಿ ತೋರಿಸಿದಳು. ಸೂಗಮ್ಮ ಎಂದು ಓರೆಯಾಗಿ, ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಜೀವಮಾನವೆಲ್ಲ ನನ್ನ ಹೆಸರಿನ ಕೆಳಗೆ ನಾನು ಎಳೆಯುವ ಗೆರೆ, ನಾನು ಇಡುವ ಚುಕ್ಕೆ. ಅವಳ ಹೆಸರಿನ ಕೆಳಗೂ ಇಟ್ಟುಬಿಟ್ಟಿದ್ದೆ. ಕ್ಯಾಂಟೀನಿನಲ್ಲಿ ಎರಡನೇ ಸಲ ಕೂತಾಗ ಮರೆತದ್ದು ಅದನ್ನೇ.

ಮೊದಲಿನಂತೆ ಬರೆಯಲು ಆಗದಿದ್ದರೆ, ಈಗಿನ ಸಹಿಯನ್ನು ಬ್ಯಾಂಕ್ ಮ್ಯಾನೇಜರ್ ಎದುರಿಗೆ ಮಾಡಿಸಿ ಅವರ ಮುದ್ರೆ ಹಾಕಿಸಿಕೊಂಡು ಬನ್ನಿ, ನಡೆಯುತ್ತದೆ ಎಂದಳು ಹುಡುಗಿ. ಇಷ್ಟು ಸುಲಭದ ದಾರಿ ಮೊದಲ ದಿನದಿಂದಲೂ ಇತ್ತು. ನಿಜ ಹೇಳಿಕೊಂಡು ಯಾರನ್ನಾದರೂ ಕೇಳಿದ್ದರೆ ಸಿಗುತ್ತಿತ್ತು. ಅವಳು ಕಾರ್ಡಿನದೊಂದು ಜೆರಾಕ್ಸ್ ತೆಗೆದು ಫಾರಮ್ಮಿನ ಹಿಂದೆ ಪಿನ್ನು ಮಾಡಿ ಕೊಟ್ಟಳು. ಅದನ್ನು ಕಿತ್ತೆಸೆಯಬೇಕೆಂದು ಮೆಟ್ಟಿಲಿಳಿಯುವಾಗ ಅನಿಸಿತು, ಆದರೆ ಮತ್ತೆ ಕಾಗದ ಕಮ್ಮಿ ಎಂದು ವಾಪಸ್ ಕಳಿಸಿದರೆ ಎಂಬ ಹೆದರಿಕೆಗೆ ಬಿಟ್ಟೆ.

ಬ್ಯಾಂಕಿನಲ್ಲಿ ಮ್ಯಾನೇಜರರ ಎದುರಿನ ಕುರ್ಚಿಯ ತುದಿಗೆ ಸೂಗಮ್ಮ ಕೂತಳು. ಪೆನ್ನು ಹಿಡಿದಳು, ಮತ್ತೆ ಕೆಳಗಿಟ್ಟಳು. ಮ್ಯಾನೇಜರು ಒಳ್ಳೆಯ ಮನುಷ್ಯರು. ಅಮ್ಮನಿಗೆ ಸಹಾಯವಾಗಲೆಂದು ಫಾರಂ ತಿರುವಿ ಹಳೆಯ ಸಹಿಯ ಜೆರಾಕ್ಸನ್ನು ಅವಳ ಮುಂದೆ ಸರಿಸಿದರು.

ಅವಳು ನೋಡಿದಳು. ಆ ಗೆರೆ, ಆ ಚುಕ್ಕೆಗಳನ್ನು ಅವಳು ಪಿಂಕಿಯ ಪ್ರೋಗ್ರೆಸ್ ಕಾರ್ಡಿನ ಮೇಲೆ ಹತ್ತು ವರ್ಷ ಕಂಡಿದ್ದಳು. ಪಕ್ಕದಲ್ಲೇ ತಾರೀಖು ಇತ್ತು. ಅಂಕಿ ಓದಲು ಅವಳಿಗೆ ಬರುತ್ತದೆಂದು ಮೊದಲೇ ಹೇಳಿದ್ದೇನೆ.

"ತೊಂಬತ್ತಮೂರು," ಅಂದಳು ಮೆಲ್ಲಗೆ. "ಅವಾಗ ನನಗ ಬರೀಲಿಕ್ಕೆ ಬರ್ತಿರಲಿಲ್ರಿ."

"ಹೂಂ."

"ಇದು ನಿಮ್ಮ ಕೈಯಿ."

"ಹೂಂ," ಅಂದೆ. "ಹೇಳಬೇಕಂತ ಮಾಡಿದ್ದೆ."

"ಯಾವಾಗ ಹೇಳೋರಿದ್ರಿ?"

ಮ್ಯಾನೇಜರರಿಗೆ ಕನ್ನಡ ಬಾರದು. ಗಂಡ ಹೆಂಡತಿ ಏನೋ ಸಲಹೆ ಮಾಡಿಕೊಳ್ಳುತ್ತಿದ್ದಾರೆಂದು ಕಿಟಕಿಯ ಕಡೆ ನೋಡುತ್ತಿದ್ದರು. ಸೂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಸೂಗಮ್ಮ ಎಂದು ಬರೆದಳು, ದುಂಡಗೆ, ತನ್ನ ಅಕ್ಷರದಲ್ಲಿ. ಬರೆದು ಪೆನ್ನಿನ ಟೋಪಿ ಹಾಕಿ ಮೇಜಿನ ಮೇಲಿಟ್ಟಳು. ಮುಗಿಯಿತು, ಇನ್ನು ಬೈಯುತ್ತಾಳೆ, ಬೈದು ಹಗುರಾಗುತ್ತಾಳೆ ಎಂದುಕೊಂಡೆ. ಬಸ್ಸಿನಲ್ಲಿ ಬೈಯಲಿಲ್ಲ. ಮನೆಗೆ ಬಂದು ಆ ಪಟ್ಟಿ ಪುಸ್ತಕಗಳನ್ನೆಲ್ಲ, ಹಳೆಯವು ಹೊಸವು ಸೇರಿಸಿ, ರದ್ದಿಯವನಿಗೆ ಹಾಕಿದಳು. ಅವನು ತೂಗಿ ಕೊಟ್ಟ ಹನ್ನೊಂದು ರೂಪಾಯಿಯನ್ನು ತಂದು ನನ್ನ ಮುಂದಿಟ್ಟಳು.

ಜುಲೈ ಕೊನೆಗೆ ಷೇರು ಕಂಪ್ಯೂಟರಿಗೆ ಏರಿದವು. ನಾಲ್ಕುನೂರ ಹತ್ತರಂತೆ ಮಾರಿದೆ. ಐದು ಲಕ್ಷ ಎಂಬತ್ತು ಸಾವಿರ ಆಗಬೇಕಿದ್ದದ್ದು ಎಂಬತ್ತೆರಡು ಸಾವಿರವಾಯಿತು. ಪಿಂಕಿಯ ಕಾಲೇಜಿಗೆ ಇರಲಿ ಎಂದು ಬ್ಯಾಂಕಿಗೆ ಹಾಕಿದೆವು. ಟೌನ್‌ಶಿಪ್ಪಿನ ಗೇಟಿನ ಎದುರಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅಡುಗೆಮನೆಯಲ್ಲಿ ಮೊಣಕೈ ಗೋಡೆಗೆ ಬಡಿಯುತ್ತದೆ.

ಆಗಸ್ಟಿನ ಕೊನೆಯ ವಾರ ಪಿಂಚಣಿ ಕಾಗದಕ್ಕೆ ಹೆಂಡತಿಯ ಸಹಿ ಬೇಕೆಂದು ಇಬ್ಬರನ್ನೂ ಆಫೀಸಿಗೆ ಕರೆದಿದ್ದರು. ಗುಮಾಸ್ತ ಅವಳ ಕಡೆ ಪೆನ್ನು ಚಾಚಿದ. ಅವಳು ಕೈ ಚಾಚಲಿಲ್ಲ.

"ಸಂತಕಂ ರಾದಾ ಅಮ್ಮಾ?" ಎಂದು ಕೇಳಿದ. ಸಹಿ ಬರುವುದಿಲ್ಲವೇ ಎಂದು.

"ರಾದು ಬಾಬು," ಅಂದಳು. ಬರುವುದಿಲ್ಲಪ್ಪ.

ನಾನು ಪಕ್ಕದಲ್ಲೇ ನಿಂತಿದ್ದೆ. ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ ಎಂದು ಹೇಳಬೇಕಿತ್ತು. ಗುಮಾಸ್ತ ಮಸಿಯ ಡಬ್ಬಿ ತೆರೆದು ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದ. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, ಹೆಬ್ಬೆಟ್ಟಿನ ಪಕ್ಕ ಇದು ಯಾರದು ಎಂದು ಹೆಸರು ಬರೆಯಿರಿ ಅಂದ. ಅದು ಎಲ್ಲ ಕಡೆಯೂ ಇರುವ ಪದ್ಧತಿ.

ಸೂಗಮ್ಮ ಎಂದು ಬರೆದೆ. ನನಗೆ ತಿಳಿಯುವ ಮೊದಲೇ ಕೈ ಅದರ ಕೆಳಗೊಂದು ಗೆರೆ ಎಳೆಯಿತು, ಎರಡು ಚುಕ್ಕೆ ಇಟ್ಟಿತು.

ಅವಳು ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಅದನ್ನು ನೋಡಿದಳು.

"ಈಗ ಹೊಂದಿತು ನೋಡ್ರಿ," ಅಂದಳು.